ರಾಶ್ಕಾ ಜಿಲ್ಲೆ, ಸೆರ್ಬಿಯಾ: ಕರಡು ಹಾಕಿದ್ದೇನೆ, ಬೈದು ಸರಿಮಾಡಿ

ಹಳೇನಕ್ಷೆ:
ಸೆರ್ಬಿಯಾದ ರಾಶ್ಕಾ ಜಿಲ್ಲೆ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಲೇಖನ ಬರೆಯುತ್ತಿದ್ದೇನೆ. ಕರಡು ಮುಗಿದಿದೆ. ಆದರೆ ಓದಿದರೆ ಗೆಜೆಟ್ ಪ್ರಕಟಣೆ ಓದಿದ ಹಾಗಿದೆ. ಮೊದಲ ಪ್ಯಾರಾ ಇಲ್ಲಿ ಹಾಕುತ್ತೇನೆ, ನೋಡಿ.

"ರಾಶ್ಕಾ ಜಿಲ್ಲೆ ಸೆರ್ಬಿಯಾದ ನೈಋತ್ಯ ಭಾಗದಲ್ಲಿದೆ. ವಿಸ್ತೀರ್ಣ ಸುಮಾರು 3,900 ಚದರ ಕಿ.ಮೀ. ಜನಸಂಖ್ಯೆ ಸುಮಾರು 3 ಲಕ್ಷ. ಕೇಂದ್ರ ಕ್ರಾಲ್ಯೆವೊ. ಕ್ರಾಲ್ಯೆವೊ ಮತ್ತು ನೋವಿ ಪಾಜಾರ್ ಎಂಬ ಎರಡು ನಗರಗಳು, ವ್ರ್ನ್ಯಾಚ್ಕಾ ಬಾನ್ಯಾ, ರಾಶ್ಕಾ, ತುತಿನ್ ಎಂಬ ಮೂರು ಪುರಸಭೆಗಳು ಇದರಲ್ಲಿ ಸೇರಿವೆ. ಇಬಾರ್ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿದು ಕ್ರಾಲ್ಯೆವೊ ಹತ್ತಿರ ಪಶ್ಚಿಮ ಮೊರಾವಾ ನದಿಯನ್ನು ಸೇರುತ್ತದೆ. ಯುನೆಸ್ಕೊ ಪಟ್ಟಿಯಲ್ಲಿರುವ ಸ್ತುದೆನಿತ್ಸಾ ಮಠ, ಸೊಪೊಚಾನಿ ಮಠ, ಹಳೇ ರಾಸ್ ಕೋಟೆ ಇಲ್ಲಿವೆ. ಪ್ರಸಿದ್ಧ 'ಬಿಳಿ ದೇವದೂತ' ಭಿತ್ತಿಚಿತ್ರವೂ ಈ ಜಿಲ್ಲೆಯದ್ದೇ."

ಹೇಗಿದೆ?

ಇಬಾರ್_ದಡ:
ಕೊನೇ ವಾಕ್ಯ ತಪ್ಪು, ಮೊದಲು ಅದನ್ನು ತೆಗೆಯಿರಿ. ಬಿಳಿ ದೇವದೂತ ಇರುವುದು ಮಿಲೆಶೆವಾ ಮಠದಲ್ಲಿ. ಅದು ಪ್ರಿಯೆಪೋಲ್ಯೆ ಊರಿನ ಹತ್ತಿರ, ಪಕ್ಕದ ಝ್ಲಾತಿಬೋರ್ ಜಿಲ್ಲೆಗೆ ಸೇರಿದ್ದು.

ಈ ಗೊಂದಲ ಎಲ್ಲರಿಗೂ ಆಗುತ್ತದೆ. ಕಲೆಯ ಇತಿಹಾಸ ಬರೆಯುವವರು ಮಿಲೆಶೆವಾವನ್ನು "ರಾಶ್ಕಾ ಶೈಲಿ" ಕಟ್ಟಡ ಅನ್ನುತ್ತಾರೆ. ಆ ರಾಶ್ಕಾ ಅಂದರೆ ಮಧ್ಯಯುಗದ ಸೆರ್ಬ್ ರಾಜ್ಯ. ನಿಮ್ಮ ರಾಶ್ಕಾ ಅಂದರೆ 1992ರಲ್ಲಿ ಸರ್ಕಾರ ಆದೇಶ ಹೊರಡಿಸಿ ಗೆರೆ ಎಳೆದ ಜಿಲ್ಲೆ. ಹೆಸರು ಒಂದೇ, ಅಳತೆ ಬೇರೆ. ಅದೂ ಸಾಲದು ಅಂತ ರಾಶ್ಕಾ ಅನ್ನೋ ನದಿ ಇದೆ, ರಾಶ್ಕಾ ಅನ್ನೋ ಸಣ್ಣ ಪಟ್ಟಣವೂ ಇದೆ. ಆ ಪಟ್ಟಣ ಜಿಲ್ಲಾ ಕೇಂದ್ರವಲ್ಲ. ಕೇಂದ್ರ ಕ್ರಾಲ್ಯೆವೊ, ಅದನ್ನು ಸರಿಯಾಗಿ ಬರೆದಿದ್ದೀರಿ.

ಮಂಡ್ಯದ_ಮಾವ:
ಜಿಲ್ಲೆ ಅಂದರೆ ನಮ್ಮ ಥರದ ಜಿಲ್ಲೆಯೇನಾ? ಡಿಸಿ, ಜಿಲ್ಲಾ ಪಂಚಾಯಿತಿ ಎಲ್ಲ ಇದೆಯಾ?

ಇಬಾರ್_ದಡ:
ಅಷ್ಟು ಭಾರ ಇಲ್ಲ ಮಾವ. ಅಲ್ಲಿ ಅದಕ್ಕೆ "ಒಕ್ರುಗ್" ಅನ್ನುತ್ತಾರೆ. ಚುನಾಯಿತ ಸಭೆ ಇಲ್ಲ. ಸರ್ಕಾರ ನೇಮಿಸಿದ ಒಬ್ಬ ಮುಖ್ಯಸ್ಥ ಇರುತ್ತಾನೆ, "ನಾಚೆಲ್ನಿಕ್" ಅಂತ. ರಾಜಧಾನಿಯ ಇಲಾಖೆಗಳ ಕಚೇರಿಗಳು ಜಿಲ್ಲಾ ಕೇಂದ್ರದಲ್ಲಿ ಕೂತಿರುತ್ತವೆ, ಅವುಗಳ ಕೆಲಸ ನೋಡಿಕೊಳ್ಳುವುದು ಅವನ ಹೊಣೆ. ಮೇಯರ್, ಕೌನ್ಸಿಲ್, ಬಜೆಟ್ ಎಲ್ಲ ನಗರ, ಪುರಸಭೆ ಮಟ್ಟದಲ್ಲಿ. ನಾನು ಬೆಲ್‌ಗ್ರೇಡಿನಲ್ಲಿ ನಾಲ್ಕು ವರ್ಷ ಇದ್ದೆ. "ನಾನು ರಾಶ್ಕಾ ಜಿಲ್ಲೆಯವನು" ಅಂತ ಒಬ್ಬರೂ ಹೇಳಿದ್ದು ಕೇಳಿಲ್ಲ. "ಕ್ರಾಲ್ಯೆವೊದವನು", "ಪಾಜಾರ್‌ನವಳು" ಅನ್ನುತ್ತಾರೆ, ಅಷ್ಟೇ.

ಪದಬೇಟೆ:
ನೋವಿ ಪಾಜಾರ್ ಅಂದರೆ ಅಕ್ಷರಶಃ "ಹೊಸ ಬಜಾರು" ಅನ್ನೋದು ಯಾರಿಗಾದರೂ ಹೊಳೆಯಿತಾ? ಬಜಾರ್ ಪಾರಸಿ ಪದ. ತುರ್ಕರ ಜೊತೆ ಅಲ್ಲಿಗೆ ಹೋಯಿತು, ಸುಲ್ತಾನರ ಜೊತೆ ಇಲ್ಲಿಗೆ ಬಂತು. ಸೆರ್ಬಿಯನ್ ಭಾಷೆಯಲ್ಲಿ ಇಂಥವು ಬೇಕಾದಷ್ಟಿವೆ. ಜೇಬಿಗೆ "ಜೆಪ್", ಸಾಬೂನಿಗೆ "ಸಾಪುನ್", ಸಕ್ಕರೆಗೆ "ಶೆಚೆರ್", ಅಂಗಡಿಗೆ "ದುಚಾನ್". ಈ ದುಚಾನ್ ನಮ್ಮ ಕಡೆಯ ದುಕಾನೇ.

ಇನ್ನೊಂದು ತಮಾಷೆ. ಹಳೇ ರಾಜಧಾನಿ ರಾಸ್ ಪಕ್ಕದಲ್ಲಿ "ಹೊಸ ಬಜಾರು". ಹಂಪಿ ಪಕ್ಕದಲ್ಲಿ ಹೊಸಪೇಟೆ. ಸ್ತುದೆನಿತ್ಸಾ ಮಠ ಯುನೆಸ್ಕೊ ಪಟ್ಟಿಗೆ ಸೇರಿದ್ದು 1986ರಲ್ಲಿ. ಹಂಪಿಯೂ ಅದೇ ವರ್ಷ!

ಹಳೇನಕ್ಷೆ:
ಹೊಸಪೇಟೆಯವಳಾದ ನನಗೇ ಇದು ಹೊಳೆದಿರಲಿಲ್ಲ! ಬಿಳಿ ದೇವದೂತನನ್ನು ತೆಗೆದುಹಾಕಿದೆ. ಈಗ ಮುಖ್ಯ ಪ್ರಶ್ನೆ. ಮಠಗಳ ಪಟ್ಟಿ ಕೊಟ್ಟು ಒಂದೊಂದು ಸಾಲು ಬರೆದರೆ ಸಾಕಾ?

ಕಲ್ಲುಕುಟಿಗ:
ದಯವಿಟ್ಟು ಬೇಡ. ಪಟ್ಟಿ ಯಾರಿಗೂ ನೆನಪಿರುವುದಿಲ್ಲ. ಒಂದೇ ಕಟ್ಟಡದ ಮುಂದೆ ನಿಂತು ಬರೆಯಿರಿ. ಸ್ತುದೆನಿತ್ಸಾದಿಂದಲೇ ಶುರುಮಾಡಿ.

ಕಟ್ಟಿಸಿದವನು ಸ್ತೆಫಾನ್ ನೆಮಾನ್ಯಾ, 12ನೇ ಶತಮಾನದ ಕೊನೆಗೆ. ಸೆರ್ಬ್ ರಾಜವಂಶದ ಮೂಲಪುರುಷ. 1196ರಲ್ಲಿ ಪಟ್ಟ ಬಿಟ್ಟು ಸನ್ಯಾಸಿಯಾದ, ಸಿಮೆಯೋನ್ ಅಂತ ಹೆಸರಿಟ್ಟುಕೊಂಡ. ಗ್ರೀಸಿನ ಆಥೋಸ್ ಬೆಟ್ಟದ ಹಿಲಾಂದಾರ್ ಮಠದಲ್ಲಿ 1199ರಲ್ಲಿ ತೀರಿಕೊಂಡ. ಅವನ ಕಿರಿಮಗ ಸಾವಾ, ಇವನೂ ಸನ್ಯಾಸಿ, ಕೆಲವು ವರ್ಷಗಳ ನಂತರ ಅಪ್ಪನ ದೇಹವನ್ನು ಸ್ತುದೆನಿತ್ಸಾಕ್ಕೆ ತಂದ. ಆಗ ಅವನ ಇಬ್ಬರು ಅಣ್ಣಂದಿರು ಸಿಂಹಾಸನಕ್ಕೆ ಹೊಡೆದಾಡುತ್ತಿದ್ದರು. ಅಪ್ಪನ ದೇಹದ ಮುಂದೆ ಅವರನ್ನು ಸಾವಾ ರಾಜಿ ಮಾಡಿಸಿದ ಅಂತ ಹೇಳುತ್ತಾರೆ.

ಈಗ ಕಟ್ಟಡ. ದೇವಮಾತೆ ಮೇರಿಯ ಚರ್ಚಿನ ಹೊರಗೋಡೆ ಪೂರ್ತಿ ಬಿಳಿ ಅಮೃತಶಿಲೆ. ಹತ್ತಿರದ ರಾದೋಚೆಲೊ ಬೆಟ್ಟದಿಂದ ತಂದದ್ದು. ಬಾಗಿಲು, ಕಿಟಕಿಗಳ ಚೌಕಟ್ಟಿನಲ್ಲಿ ಬಳ್ಳಿ, ಮೃಗ, ಪಕ್ಷಿ ಕೆತ್ತನೆ. ಇದು ಏಡ್ರಿಯಾಟಿಕ್ ಕಡಲತೀರದ ಕೈ, ಇಟಲಿ ಕಡೆಯ ಚರ್ಚುಗಳ ರೀತಿ. ತಲೆ ಎತ್ತಿ ನೋಡಿದರೆ ಗುಮ್ಮಟ ಮಾತ್ರ ಪಕ್ಕಾ ಬೈಜಾಂಟೈನ್. ಅಂದರೆ ಮೈ ರೋಮ್ ಕಡೆಯದ್ದು, ತಲೆ ಕಾನ್‌ಸ್ಟಾಂಟಿನೋಪಲ್ ಕಡೆಯದ್ದು. ನೆಮಾನ್ಯಾನ ರಾಜಕೀಯವೂ ಹಾಗೇ ಇತ್ತು. ಎರಡು ದೊಡ್ಡವರ ನಡುವೆ ಬದುಕಬೇಕಿತ್ತಲ್ವಾ. "ರಾಶ್ಕಾ ಶೈಲಿ" ಅಂದರೆ ಈ ಬೆರಕೆಯೇ.

ಇಬಾರ್_ದಡ:
ಕಲ್ಲುಕುಟಿಗರು ಹೊರಗೆ ನಿಂತರು, ನಾನು ಒಳಗೆ ಹೋಗುತ್ತೇನೆ.

ಪಶ್ಚಿಮದ ಗೋಡೆ ಮೇಲೆ ಶಿಲುಬೆಯ ಚಿತ್ರ ಇದೆ, 1209ರ ಹೊತ್ತಿನದ್ದು. ಹಿನ್ನೆಲೆ ಗಾಢ ನೀಲಿ. ಏಸುವಿನ ಕಣ್ಣು ಮುಚ್ಚಿದೆ, ಮೈ ಸ್ವಲ್ಪವೇ ಬಾಗಿದೆ. ಚಿತ್ರದ ಬರಹ ಗ್ರೀಕ್‌ನಲ್ಲಿಲ್ಲ, ಸೆರ್ಬ್ ಸಿರಿಲಿಕ್‌ನಲ್ಲಿದೆ. ಆಗಿನ ಕಾಲಕ್ಕೆ ಅದು ಸಣ್ಣ ವಿಷಯ ಅಲ್ಲ.

ನಾನು ಮೊದಲು ನೋಡಿದ್ದು ಚಿತ್ರವನ್ನಲ್ಲ, ತೂತುಗಳನ್ನು. ಗೋಡೆ ತುಂಬಾ ಹೆಬ್ಬೆರಳಿನಷ್ಟು ಬಿಳಿ ಗುಳಿಗಳು. ಮುಖದ ಮೇಲೂ ಇವೆ, ಬಟ್ಟೆ ಮೇಲೂ ಇವೆ. ಯಾರೋ ಶತ್ರುಗಳು ಒಡೆದಿರಬೇಕು ಅಂದುಕೊಂಡೆ. ಅಲ್ಲ. 16ನೇ ಶತಮಾನದಲ್ಲಿ ಚರ್ಚಿಗೆ ಹೊಸದಾಗಿ ಚಿತ್ರ ಬರೆಸಿದಾಗ ಹಳೇ ಗೋಡೆ ಮೇಲೆ ಹೊಸ ಗಾರೆ ಹಿಡಿಯಬೇಕಲ್ಲ, ಅದಕ್ಕೆ ಚುಚ್ಚಿ ಒರಟು ಮಾಡಿದರು. ಮುಚ್ಚಿದವರು ಮಠದವರೇ. ನಂತರ ಮೇಲಿನ ಪದರ ತೆಗೆದಾಗ ಹಳೇ ಚಿತ್ರ ಈ ಗುಳಿಗಳ ಸಮೇತ ಹೊರಗೆ ಬಂತು.

ಮಂಡ್ಯದ_ಮಾವ:
ಸುಣ್ಣ ಬಳಿಯೋ ಮುಂಚೆ ನಮ್ಮ ಮೇಸ್ತ್ರಿಯೂ ಗೋಡೆಗೆ ಹಾಗೇ ಕೊಚ್ಚು ಹಾಕುತ್ತಾನೆ. ಕೆಳಗೆ ಚಿತ್ರ ಇರಲಿಲ್ಲ ಅಷ್ಟೇ.

ಪುಳಿಯೋಗರೆ:
ಇಬಾರ್_ದಡ ಅವರೇ, ಅಲ್ಲಿಗೆ ಹೋಗುವುದು ಹೇಗೆ? ಮತ್ತೆ ಮುಖ್ಯವಾಗಿ, ತಿನ್ನೋದು ಏನು?

ಇಬಾರ್_ದಡ:
ಹೋಗುವ ಕಥೆ ಕೇಳಿ. ಕ್ರಾಲ್ಯೆವೊದಿಂದ ಇಬಾರ್ ಕಣಿವೆ ಹಿಡಿದು ದಕ್ಷಿಣಕ್ಕೆ ಹೋದರೆ ಊಶ್ಚೆ ಅಂತ ಹಳ್ಳಿ. ಊಶ್ಚೆ ಅಂದರೆ ನದಿ ಸೇರುವ ಜಾಗ, ನಮ್ಮ "ಕೂಡಲಿ" ಅನ್ನಿ. ಸ್ತುದೆನಿತ್ಸಾ ಹೊಳೆ ಅಲ್ಲಿ ಇಬಾರ್‌ಗೆ ಸೇರುತ್ತದೆ. ಮಠಕ್ಕೆ ಅಲ್ಲಿಂದ ಹತ್ತು ಹನ್ನೆರಡು ಕಿ.ಮೀ. ಹತ್ತಬೇಕು. ನಾನು ಹೋಗಿದ್ದು ಭಾನುವಾರ. ಟಿಕೆಟ್ ಕೊಟ್ಟವರು "ಊಶ್ಚೆಯಲ್ಲಿ ಬೇರೆ ಬಸ್ಸು ಸಿಗುತ್ತದೆ" ಅಂದಿದ್ದರು. ಇಳಿದರೆ ಬಸ್ಸೂ ಇಲ್ಲ, ಬಸ್‌ಸ್ಟಾಪಿನಲ್ಲಿ ಜನವೂ ಇಲ್ಲ. ಒಂದು ನಾಯಿ ಮಲಗಿತ್ತು. ಮೂರು ಕಿ.ಮೀ. ನಡೆದ ಮೇಲೆ ಹಳೇ ಕಾರಿನಲ್ಲಿ ಒಬ್ಬ ಅಜ್ಜ ಆಲೂಗಡ್ಡೆ ಮೂಟೆ ಹಾಕಿಕೊಂಡು ಬಂದ. ಮೂಟೆ ಹಿಂದಕ್ಕೆ ತಳ್ಳಿ ಜಾಗ ಮಾಡಿದ. ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ ಹೊಳೆಗೆ ಕೈ ಅದ್ದಿ ನೋಡು ಅಂದ. ಜುಲೈ ತಿಂಗಳು, ನೀರು ಮಂಜುಗಡ್ಡೆ ಹಾಗೆ. "ಸ್ತುದೆನ್" ಅಂದ. ತಣ್ಣಗೆ ಅಂತ ಅರ್ಥ. ಸ್ತುದೆನಿತ್ಸಾ ಅನ್ನೋ ಹೆಸರು ಅದರಿಂದಲೇ ಬಂದದ್ದು ಅಂತ ಆಗ ಗೊತ್ತಾಯಿತು.

ತಿನ್ನೋದಕ್ಕೆ ಒಂದೇ ಪದ ಕಲಿಯಿರಿ: "ಪೊಸ್ನೊ". ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ಊಟ. ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಬುಧವಾರ, ಶುಕ್ರವಾರ ಮತ್ತೆ ಹಬ್ಬಗಳ ಮುಂಚೆ ಬೇಕರಿಗಳಲ್ಲೂ ಸಿಗುತ್ತದೆ. ಒಲೆಯಲ್ಲಿ ಬೇಯಿಸಿದ ಹುರುಳಿಕಾಯಿ ಬೀಜದ "ಪ್ರೆಬ್ರಾನಾತ್ಸ್" ಇದೆ, ಕೆಂಪು ದೊಣ್ಣೆಮೆಣಸಿನಕಾಯಿಯ "ಆಯ್ವಾರ್" ಇದೆ. ಆದರೆ ಎಚ್ಚರ, ಪೊಸ್ನೊದಲ್ಲಿ ಮೀನು ಬರಬಹುದು. ಅವರ ಲೆಕ್ಕದಲ್ಲಿ ಮೀನು ಮಾಂಸ ಅಲ್ಲ.

ಪುಳಿಯೋಗರೆ:
ಬಂಗಾಳಿಗಳ ಹಾಗೆ 😀 ವೀಸಾ?

ಇಬಾರ್_ದಡ:
ಮೊದಲು ಭಾರತೀಯರಿಗೆ 30 ದಿನ ವೀಸಾ ಬೇಕಿರಲಿಲ್ಲ. 2023ರ ಜನವರಿ 1ರಿಂದ ಆ ಸೌಲಭ್ಯ ತೆಗೆದರು. ಈಗ ವೀಸಾ ಬೇಕು. ಹೊರಡುವ ಮುಂಚೆ ರಾಯಭಾರ ಕಚೇರಿಯಲ್ಲಿ ವಿಚಾರಿಸಿ.

ಹಳೇನಕ್ಷೆ:
ಎರಡನೇ ಪ್ಯಾರಾಕ್ಕೆ ಝಿಚಾ ಮಠ ತೆಗೆದುಕೊಂಡಿದ್ದೇನೆ. ಕ್ರಾಲ್ಯೆವೊಗೆ ತೀರಾ ಹತ್ತಿರ. ಬರೆದದ್ದು ಇಷ್ಟು: "13ನೇ ಶತಮಾನದ ಆರಂಭದಲ್ಲಿ ನೆಮಾನ್ಯಾನ ಮಗ, ಮೊದಲ ಕಿರೀಟಧಾರಿ ಸ್ತೆಫಾನ್ ಕಟ್ಟಿಸಿದ. 1219ರಲ್ಲಿ ಸೆರ್ಬ್ ಚರ್ಚ್ ಸ್ವತಂತ್ರವಾದಾಗ ಅವನ ತಮ್ಮ ಸಾವಾ ಮೊದಲ ಆರ್ಚ್‌ಬಿಷಪ್ ಆದ, ಝಿಚಾ ಅವನ ಪೀಠವಾಯಿತು. ಇಲ್ಲಿ ಏಳು ರಾಜರ ಪಟ್ಟಾಭಿಷೇಕ ನಡೆದಿದೆ."

ಕಲ್ಲುಕುಟಿಗ:
"ಏಳು ರಾಜರು" ಅನ್ನೋದನ್ನು ಐತಿಹ್ಯ ಅಂತ ಬರೆಯಿರಿ. ಜನ ಅದನ್ನು "ಏಳು ಬಾಗಿಲ ಝಿಚಾ" ಅನ್ನುತ್ತಾರೆ. ಒಬ್ಬೊಬ್ಬ ರಾಜನಿಗೂ ಗೋಡೆಯಲ್ಲಿ ಹೊಸ ಬಾಗಿಲು ಒಡೆದು, ಪಟ್ಟ ಕಟ್ಟಿದ ಮೇಲೆ ಮತ್ತೆ ಕಟ್ಟಿ ಮುಚ್ಚುತ್ತಿದ್ದರು ಅಂತ ಕಥೆ. ಚೆನ್ನಾಗಿದೆ, ಬಿಡಬೇಡಿ, ಆದರೆ ಕಥೆ ಅಂತಲೇ ಹೇಳಿ. ದಾಖಲೆ ಬೇಕಾದರೆ ಇತ್ತೀಚಿನದ್ದಿದೆ. 1889ರಲ್ಲಿ ಅಲೆಕ್ಸಾಂದರ್ ಒಬ್ರೆನೋವಿಚ್, 1904ರಲ್ಲಿ ಪೀಟರ್ ಕಾರಾಜೊರ್ಜೆವಿಚ್, ಇಬ್ಬರಿಗೂ ಅಲ್ಲಿ ರಾಜನಿಗೆ ಪವಿತ್ರ ತೈಲ ಹಚ್ಚುವ ವಿಧಿ ನಡೆಯಿತು. ಎರಡೂ ಬದ್ಧವೈರಿ ಮನೆತನಗಳು. ಪೀಟರ್ ಪಟ್ಟಕ್ಕೆ ಬಂದದ್ದೇ ಅಲೆಕ್ಸಾಂದರ್‌ನನ್ನು ಸೇನಾಧಿಕಾರಿಗಳು 1903ರಲ್ಲಿ ಅರಮನೆಯಲ್ಲೇ ಕೊಂದ ಮೇಲೆ.

ಬಣ್ಣವನ್ನೂ ಹೇಳಿ. ಸ್ತುದೆನಿತ್ಸಾ ಬಿಳಿ, ಝಿಚಾ ಕೆಂಪು. ಹೊರಗೋಡೆಗೆ ಇಟ್ಟಿಗೆ ಕೆಂಪು ಗಾರೆ. ಹಸಿರು ಗುಡ್ಡದ ಮುಂದೆ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ಪದಬೇಟೆ:
ಕ್ರಾಲ್ಯೆವೊ ಅಂದರೆ "ರಾಜನದ್ದು". ಮೊದಲು ಕರಾನೊವಾತ್ಸ್ ಅಂತಿತ್ತು. 1882ರಲ್ಲಿ ಸೆರ್ಬಿಯಾ ಮತ್ತೆ ರಾಜ್ಯವಾಗಿ ಮಿಲಾನ್ ದೊರೆ ರಾಜನಾದಾಗ ಊರಿನ ಹೆಸರು ಬದಲಾಯಿತು. ಅವರ ಭಾಷೆಯಲ್ಲಿ ರಾಜನಿಗೆ "ಕ್ರಾಲ್". ಅದು ಶಾರ್ಲ್‌ಮೇನ್ ಚಕ್ರವರ್ತಿಯ "ಕಾರ್ಲ್" ಅನ್ನೋ ಹೆಸರಿನಿಂದ ಬಂದದ್ದು. ಒಬ್ಬ ಮನುಷ್ಯನ ಹೆಸರೇ ರಾಜ ಅನ್ನೋ ಪದ ಆಯಿತು.

ಇಬಾರ್_ದಡ:
ರಾಜರ ಊರು ಅನ್ನೋದೆಲ್ಲ ಪ್ರವಾಸಿ ಕರಪತ್ರದ ಮಾತು. ಅಲ್ಲಿಯವರಿಗೆ ಕ್ರಾಲ್ಯೆವೊ ಅಂದರೆ ಅಕ್ಟೋಬರ್. 1941ರ ಅಕ್ಟೋಬರ್‌ನಲ್ಲಿ ಜರ್ಮನ್ ಸೈನ್ಯ ಊರಿನ ಗಂಡಸರನ್ನು ರೈಲ್ವೆ ಕಾರ್ಖಾನೆಯ ಅಂಗಳಕ್ಕೆ ತಂದು ಗುಂಪು ಗುಂಪಾಗಿ ಗುಂಡಿಕ್ಕಿತು. ಸುಮಾರು 2,000 ಜನ. ರೈಲ್ವೆ ಮತ್ತು ವಿಮಾನ ಕಾರ್ಖಾನೆಯ ಕಾರ್ಮಿಕರೇ ಜಾಸ್ತಿ. ಆ ತಿಂಗಳೇ ಝಿಚಾ ಮೇಲೂ ಬಾಂಬು ಬಿತ್ತು. ಈಗ ಅಲ್ಲೊಂದು ಸ್ಮಾರಕ ಉದ್ಯಾನ ಇದೆ. ಲೇಖನದಲ್ಲಿ ಪರಂಪರೆ ಅಂತ ಬರೀ ಚರ್ಚು ಬರೆದರೆ ಇದು ಬಿಟ್ಟುಹೋಗುತ್ತದೆ.

ಮಂಡ್ಯದ_ಮಾವ:
ಇದನ್ನು ಖಂಡಿತ ಹಾಕಿ.

ಇನ್ನೊಂದು ಮಾತು. ಇಷ್ಟು ಹೊತ್ತು ಎಲ್ಲರೂ ಉತ್ತರದಲ್ಲೇ ಇದ್ದೀರಿ. ನೋವಿ ಪಾಜಾರ್ ಬಗ್ಗೆ ಪದಬೇಟೆಯವರ ಬಜಾರು ಬಿಟ್ಟರೆ ಒಂದು ಸಾಲೂ ಇಲ್ಲ. ಹುಡುಕಿ ನೋಡಿದೆ, ಅಲ್ಲಿ ಮುಸ್ಲಿಮರೇ ಜಾಸ್ತಿ ಅಂತೆ. ಅವರದ್ದು ಪರಂಪರೆ ಅಲ್ವಾ?

ಹಳೇನಕ್ಷೆ:
ಮಾವ, ತಪ್ಪೊಪ್ಪಿಕೊಂಡೆ. ಕರಡಿನಲ್ಲಿ ನೋವಿ ಪಾಜಾರ್‌ಗೆ "ಇಲ್ಲಿ ಒಂದು ಹಳೇ ಮಸೀದಿಯೂ ಇದೆ" ಅಂತ ಒಂದೇ ಸಾಲು ಬರೆದಿದ್ದೆ. ಆ "ಮಸೀದಿಯೂ" ಅನ್ನೋದನ್ನು ಈಗ ಓದಿದರೆ ನನಗೇ ನಾಚಿಕೆ.

ಆಮೇಲೆ ಹಳೇ ನಕ್ಷೆ ತೆಗೆದು ನೋಡಿದೆ. (ಹೆಸರಿಗೆ ತಕ್ಕ ಕೆಲಸ.) 1912ಕ್ಕೆ ಸ್ವಲ್ಪ ಮುಂಚಿನ ನಕ್ಷೆಯಲ್ಲಿ ಇದು ಒಂದು ಜಿಲ್ಲೆ ಅಲ್ಲ, ಒಂದು ದೇಶವೂ ಅಲ್ಲ. ಕ್ರಾಲ್ಯೆವೊ ಕಡೆ 19ನೇ ಶತಮಾನದಲ್ಲೇ ಸೆರ್ಬಿಯಾಕ್ಕೆ ಸೇರಿತ್ತು. ನೋವಿ ಪಾಜಾರ್, ತುತಿನ್ ಕಡೆ ಮೊದಲ ಬಾಲ್ಕನ್ ಯುದ್ಧದವರೆಗೆ ಆಟೋಮನ್ ಸಾಮ್ರಾಜ್ಯದಲ್ಲಿತ್ತು. ಗಡಿ ಹೋಗುತ್ತಿದ್ದದ್ದು ಎಲ್ಲಿ? ರಾಶ್ಕಾ ಪಟ್ಟಣದ ಹತ್ತಿರ. ಆ ಊರು ಬೆಳೆದದ್ದೇ ಗಡಿಯ ಸುಂಕದ ಕಟ್ಟೆಯಾಗಿ. ಅಂದರೆ ಈಗ ಜಿಲ್ಲೆಯ ಹೆಸರನ್ನೇ ಹೊತ್ತಿರುವ ಊರು ಆಗ ಜಿಲ್ಲೆಯನ್ನು ಎರಡು ಮಾಡುವ ಜಾಗವಾಗಿತ್ತು. ಲೇಖನಕ್ಕೆ ಇದೇ ಬೆನ್ನೆಲುಬು ಅನ್ನಿಸುತ್ತಿದೆ.

ಇಬಾರ್_ದಡ:
ಈಗ ದಾರಿಗೆ ಬಂದಿರಿ. ಒಂದು ಪದದ ಬಗ್ಗೆ ಹುಷಾರು. ದಕ್ಷಿಣದ ಬೋಸ್ನಿಯಾಕ್ ಮುಸ್ಲಿಮರು ತಮ್ಮ ಸೀಮೆಯನ್ನು "ಸಂಜಾಕ್" ಅನ್ನುತ್ತಾರೆ. ಆಟೋಮನ್ ಕಾಲದ ಆಡಳಿತ ವಿಭಾಗದ ಹೆಸರು ಅದು. ಸೆರ್ಬರಲ್ಲಿ ಬಹಳ ಜನ ಅದೇ ಸೀಮೆಯನ್ನು "ರಾಶ್ಕಾ" ಅನ್ನುತ್ತಾರೆ. ಯಾವ ಪದ ಬಳಸಿದಿರಿ ಅನ್ನೋದರ ಮೇಲೆ ನೀವು ಯಾರ ಕಡೆ ಅಂತ ತೀರ್ಮಾನ ಆಗಿಬಿಡುತ್ತದೆ. ಸಂಜಾಕ್ ಈ ಜಿಲ್ಲೆಗಿಂತ ದೊಡ್ಡದು, ಪಕ್ಕದ ಝ್ಲಾತಿಬೋರ್ ಜಿಲ್ಲೆಗೂ, ಮಾಂಟೆನೆಗ್ರೊಗೂ ಚಾಚಿದೆ. ನೀವು ಎರಡೂ ಹೆಸರು ಹೇಳಿ ಮುಂದೆ ಹೋಗಿ.

ನೋವಿ ಪಾಜಾರ್ ಕಟ್ಟಿದವನು ಈಸಾ ಬೇಗ್ ಇಶಾಕೋವಿಚ್, 15ನೇ ಶತಮಾನದಲ್ಲಿ. ಸರಾಯೆವೊ ಊರು ಕಟ್ಟಿದವನೂ ಇವನೇ. ಮಸೀದಿ, ಅಂಗಡಿ ಸಾಲು, ಛತ್ರ, ಹಮಾಮು (ಊರಿನವರ ಸ್ನಾನದ ಮನೆ), ಇಷ್ಟಿದ್ದರೆ ಊರು ತಾನಾಗಿ ಬೆಳೆಯುತ್ತದೆ ಅನ್ನೋದು ಆಗಿನ ಲೆಕ್ಕ. ಅವನ ಹಮಾಮು ಊರಿನ ನಡುವೆ ಈಗಲೂ ಇದೆ. 16ನೇ ಶತಮಾನದ ಅಲ್ತುನ್ ಅಲೆಮ್ ಮಸೀದಿಯನ್ನು ನೋಡಲೇಬೇಕು. ಮುಂದಿನ ಜಗಲಿಗೆ ಎರಡೇ ಗುಮ್ಮಟ, ಅದು ಅಪರೂಪ. ಅಂಗಳದಲ್ಲಿ ಹಳೇ ಸಮಾಧಿ ಕಲ್ಲುಗಳು, ತುದಿಗೆ ಮುಂಡಾಸು ಕೆತ್ತಿದವು.

ಅಲ್ಲಿಂದ ಹೊರಬಂದರೆ ಮಾಂಸ ಸುಡುವ ಹೊಗೆ. ಪಾಜಾರ್‌ನ "ಚೆವಾಪಿ" (ಕೆಂಡದಲ್ಲಿ ಸುಟ್ಟ ಬೆರಳಿನಾಕಾರದ ಕೈಮಾ) ಮತ್ತು "ಮಾಂತಿಯೆ" ಇಡೀ ಸೆರ್ಬಿಯಾದಲ್ಲಿ ಹೆಸರುವಾಸಿ. ಮಾಂತಿಯೆ ಅಂದರೆ ಒಳಗೆ ಕೈಮಾ ತುಂಬಿದ ಸಣ್ಣ ಸಣ್ಣ ಹಿಟ್ಟಿನ ಗಂಟು, ಮೊಸರು ಜೊತೆ ತಿನ್ನುತ್ತಾರೆ. ಪುಳಿಯೋಗರೆಯವರು ಈ ಸಾಲನ್ನು ಬಿಟ್ಟು ಓದಿ.

ಪುಳಿಯೋಗರೆ:
ಮೊಸರು ಮಾತ್ರ ನನಗೆ.

ಕಲ್ಲುಕುಟಿಗ:
ಅದೇ ಊರಿನ ಹೋಟೆಲ್ ವ್ರ್ಬಾಕ್ ಬಗ್ಗೆಯೂ ಒಂದು ಮಾತು. 1970ರ ದಶಕದ ಯುಗೊಸ್ಲಾವ್ ಕಾಲದ ಕಾಂಕ್ರೀಟು ಕಟ್ಟಡ, ರಾಶ್ಕಾ ನದಿಯ ಮೇಲೇ ಕಾಲು ಚಾಚಿ ಕೂತಿದೆ. ಗುಮ್ಮಟಗಳು, ಆರು ಮೂಲೆಯ ಗೂಡುಗಳು, ಮಧ್ಯೆ ದೊಡ್ಡ ಹಜಾರ. ಅರ್ಧ ಹಮಾಮು, ಅರ್ಧ ಅಂತರಿಕ್ಷ ನೌಕೆ. ಬೈಯುವವರೂ ಇದ್ದಾರೆ, ನನಗೆ ಇಷ್ಟ. ಪರಂಪರೆ ಅಂದರೆ 500 ವರ್ಷ ಹಳೇದೇ ಆಗಬೇಕು ಅಂತೇನಿಲ್ಲ.

ಅದೂ ಅಲ್ಲದೆ 1990ರ ದಶಕದಲ್ಲಿ ದೇಶದ ಮೇಲೆ ಆರ್ಥಿಕ ದಿಗ್ಬಂಧನ ಇದ್ದಾಗ ಪಾಜಾರ್‌ನ ಮನೆಮನೆಯಲ್ಲಿ ಜೀನ್ಸ್ ಹೊಲಿದರು. ದೊಡ್ಡ ಬ್ರ್ಯಾಂಡುಗಳ ನಕಲೂ ಸೇರಿ. ಹೊಸ ಬಜಾರು ತನ್ನ ಹೆಸರು ಉಳಿಸಿಕೊಂಡಿತು.

ಹಳೇನಕ್ಷೆ:
ಹಳೇ ರಾಸ್ ಮತ್ತು ಸೊಪೊಚಾನಿ ಎಲ್ಲಿ ಬರಬೇಕು? ಎರಡೂ ದಕ್ಷಿಣದಲ್ಲೇ ಇವೆ, ನೋವಿ ಪಾಜಾರ್‌ನ ಮಗ್ಗುಲಲ್ಲಿ.

ಇಬಾರ್_ದಡ:
ಅದೇ ಈ ಜಿಲ್ಲೆಯ ಗಮ್ಮತ್ತು. ಸೆರ್ಬ್ ರಾಜ್ಯದ ತೊಟ್ಟಿಲು ಇರುವುದು ಈಗ ಬೋಸ್ನಿಯಾಕರು ಹೆಚ್ಚಿರುವ ಊರಿನ ಸುತ್ತ. 1979ರಲ್ಲಿ ಯುನೆಸ್ಕೊ ಪಟ್ಟಿಗೆ ಹೋದದ್ದು ಒಂದು ಕಟ್ಟಡ ಅಲ್ಲ, ನಾಲ್ಕು ಜಾಗ: ರಾಸ್ ಕೋಟೆ, ಸೊಪೊಚಾನಿ, ಗುಡ್ಡದ ಮೇಲಿನ ಜುರ್ಜೆವಿ ಸ್ತೂಪೊವಿ ಮಠ, ಮತ್ತೆ ಪೀಟರ್ ಚರ್ಚ್.

ಈ ಪೀಟರ್ ಚರ್ಚ್ ನೋಡಲು ಏನೂ ಅಲ್ಲ. ದುಂಡಗೆ, ಕುಳ್ಳಗೆ, ಒರಟು ಕಲ್ಲಿನದ್ದು. ಸುತ್ತ ವಾಲಿದ ಸಮಾಧಿ ಕಲ್ಲುಗಳು. ಆದರೆ ಸೆರ್ಬಿಯಾದಲ್ಲಿ ಇನ್ನೂ ನಿಂತಿರುವ ಚರ್ಚುಗಳಲ್ಲಿ ಅತಿ ಹಳೇದರಲ್ಲಿ ಇದೂ ಒಂದು. ನೆಮಾನ್ಯಾ ಆರ್ಥೊಡಾಕ್ಸ್ ವಿಧಿಯಲ್ಲಿ ಮತ್ತೆ ದೀಕ್ಷಾಸ್ನಾನ ಪಡೆದದ್ದು ಇಲ್ಲೇ ಅನ್ನುತ್ತಾರೆ. 1950ರ ದಶಕದಲ್ಲಿ ಅಡಿಪಾಯ ಅಗೆದಾಗ ಕೆಳಗೆ ಇನ್ನೊಂದು ಸಮಾಧಿ ಸಿಕ್ಕಿತು. ಕ್ರಿಸ್ತಪೂರ್ವ 5ನೇ ಶತಮಾನದ ಯಾರೋ ಸ್ಥಳೀಯ ದೊರೆಯದ್ದು. ಚಿನ್ನ, ಅಂಬರು ಮಣಿ, ಗ್ರೀಕ್ ಪಾತ್ರೆ. ದೊರೆಯ ದಿಬ್ಬದ ಮೇಲೆ ಚರ್ಚ್ ಕಟ್ಟಿದ್ದರು.

ಪದಬೇಟೆ:
ರಾಸ್ ಅನ್ನೋ ಹೆಸರೂ ದೂರ ಹೋಗಿದೆ. ರಾಸ್‌ನಿಂದ ರಾಶ್ಕಾ. ಲ್ಯಾಟಿನ್ ಕಾಗದಗಳಲ್ಲಿ ಅದು "ರಾಶಿಯಾ". ಹಂಗೇರಿಯವರು ಸೆರ್ಬರನ್ನೇ "ರಾತ್ಸ್" ಅಂತ ಕರೆದರು. ಒಂದು ಸಣ್ಣ ಕೋಟೆ ಒಂದು ಜನಕ್ಕೇ ಹೆಸರಾಯಿತು.

ಕಲ್ಲುಕುಟಿಗ:
ಸೊಪೊಚಾನಿಗೆ ಒಂದು ಪ್ಯಾರಾ ಪೂರ್ತಿ ಕೊಡಿ. ಬೇರೆ ಏನು ಕತ್ತರಿಸಿದರೂ ಪರವಾಗಿಲ್ಲ.

ನೆಮಾನ್ಯಾನ ಮೊಮ್ಮಗ ಮೊದಲನೇ ಉರೋಶ್ 1260ರ ದಶಕದಲ್ಲಿ ಬರೆಸಿದ ಚಿತ್ರಗಳು. ಉರೋಶ್‌ನ ತಾಯಿ ಆನ್ನಾ ದಾಂದೊಲೊ, ವೆನಿಸ್ಸಿನ ದೊರೆ ಎನ್ರಿಕೊ ದಾಂದೊಲೊನ ಮೊಮ್ಮಗಳು. ಅವಳು ಸಾಯುತ್ತಿರುವ ಚಿತ್ರ ಮುಂದಿನ ಮಂಟಪದ ಗೋಡೆಯಲ್ಲಿದೆ. ಒಳಗೆ ಪಶ್ಚಿಮದ ಗೋಡೆ ತುಂಬಾ ದೇವಮಾತೆಯ ಸಾವು. ಅವಳು ಮಲಗಿದ್ದಾಳೆ. ಹಿಂದೆ ಏಸು ನಿಂತು ಬಟ್ಟೆ ಸುತ್ತಿದ ಮಗುವನ್ನು ಎತ್ತಿಕೊಂಡಿದ್ದಾನೆ. ಆ ಮಗು ಅವಳ ಆತ್ಮ. ತಾಯಿ ಮಗುವನ್ನು ಎತ್ತಿಕೊಂಡ ಚಿತ್ರ ಎಲ್ಲಾ ಕಡೆ ನೋಡಿರುತ್ತೀರಿ. ಇಲ್ಲಿ ಮಗ ತಾಯಿಯನ್ನು ಎತ್ತಿಕೊಂಡಿದ್ದಾನೆ.

1689ರಲ್ಲಿ ತುರ್ಕರು ಮಠವನ್ನು ಸುಟ್ಟರು, ಚಾವಣಿಯ ಸೀಸ ಕಿತ್ತುಕೊಂಡು ಹೋದರು. ಆಮೇಲೆ 200 ವರ್ಷಕ್ಕೂ ಜಾಸ್ತಿ ಅಲ್ಲಿ ಸೂರೇ ಇರಲಿಲ್ಲ. ಮಳೆ, ಹಿಮ ಎಲ್ಲ ಒಳಗೇ. 1920ರ ದಶಕದಲ್ಲಿ ಮತ್ತೆ ಸೂರು ಹಾಕಿದರು.

ಮಂಡ್ಯದ_ಮಾವ:
200 ವರ್ಷ ಮಳೆಯಲ್ಲಿ ನೆನೆದು ಬಣ್ಣ ಉಳಿಯಿತಾ? ನಮ್ಮನೆ ಕಾಂಪೌಂಡ್ ಬಣ್ಣ ಎರಡು ಮಳೆಗೆ ಹೋಗುತ್ತದೆ.

ಕಲ್ಲುಕುಟಿಗ:
ನಿಮ್ಮದು ಗೋಡೆ ಮೇಲೆ ಹಚ್ಚಿದ ಬಣ್ಣ ಮಾವ. ಇದು ಗೋಡೆ ಒಳಗಿನ ಬಣ್ಣ. ಸುಣ್ಣದ ಗಾರೆ ಹಸಿ ಇರುವಾಗಲೇ ಬರೆಯುತ್ತಾರೆ. ಸುಣ್ಣ ಒಣಗುತ್ತಾ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ. ಬಣ್ಣದ ಪುಡಿ ಆ ಕಲ್ಲಿನಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ನೇರಳೆ, ಹಸಿರು, ಹಳದಿ ಉಡುಪುಗಳು ಇವತ್ತಿಗೂ ಇವೆ.

ಹೋದದ್ದು ಯಾವುದು ಗೊತ್ತಾ? ಚಿನ್ನ. ಹಿನ್ನೆಲೆಗೆ ಚಿನ್ನದ ರೇಕು ಹಚ್ಚಿ, ಮೇಲೆ ಸಣ್ಣ ಚೌಕಗಳ ಗೆರೆ ಎಳೆದಿದ್ದರು, ಮೊಸಾಯಿಕ್ ಹಾಗೆ ಕಾಣಲಿ ಅಂತ. ರೇಕು ಅಂಟಿನ ಮೇಲೆ ನಿಂತಿರುತ್ತದೆ, ಗಾರೆ ಜೊತೆ ಒಂದಾಗುವುದಿಲ್ಲ. ದುಬಾರಿ ಸಾಮಾನೇ ಮೊದಲು ಉದುರಿತು. ಈಗ ಹಳದಿ ಮಾತ್ರ ಉಳಿದಿದೆ.

ಪುಳಿಯೋಗರೆ:
ಇದಾದ ಮೇಲೆ ಕೇಳೋಕೆ ನಾಚಿಕೆ. ಆದರೂ, ಒಂದು ಕಡೆ ಸುಮ್ನೆ ಕೂತು ನೋಡುವಂಥದ್ದು ಏನಾದರೂ? ನನಗೆ ಮಂಡಿ ನೋವು.

ಇಬಾರ್_ದಡ:
ಹಾಗಾದರೆ ವ್ರ್ನ್ಯಾಚ್ಕಾ ಬಾನ್ಯಾ. ಬಿಸಿನೀರು ಬುಗ್ಗೆಯ ಊರು. ರೋಮನ್ನರ ಕಾಲದ ಬಾವಿ, ನಾಣ್ಯ ಸಿಕ್ಕಿವೆ. ಬೆಚ್ಚನೆ ಬುಗ್ಗೆಯ ನೀರು 36.5 ಡಿಗ್ರಿ, ಅಂದರೆ ಮೈ ಬಿಸಿಯಷ್ಟೇ. ಅಲ್ಲಿ "ಪ್ರೀತಿಯ ಸೇತುವೆ" ಇದೆ. ನಾದಾ ಅನ್ನೋ ಶಿಕ್ಷಕಿ, ರೆಲ್ಯಾ ಅನ್ನೋ ಸೇನಾಧಿಕಾರಿ. ಮೊದಲ ಮಹಾಯುದ್ಧಕ್ಕೆ ಹೋದವನು ಗ್ರೀಸಿನಲ್ಲಿ ಬೇರೆಯವಳನ್ನು ಮೆಚ್ಚಿದ, ನಾದಾ ಕೊರಗಿ ಸತ್ತಳು ಅಂತ ಕಥೆ. ಅದಕ್ಕೇ ಜೋಡಿಗಳು ಹೆಸರು ಬರೆದ ಬೀಗ ಸೇತುವೆಗೆ ಹಾಕಿ ಕೀಲಿ ಎಸೆಯುತ್ತಾರೆ.

ಮೇ ತಿಂಗಳಲ್ಲಿ ಹೋದರೆ ಇಬಾರ್ ಕಣಿವೆ ತುಂಬಾ ಲೈಲಾಕ್ ಹೂ, ನೇರಳೆ ಬಣ್ಣ. ಉರೋಶ್ ರಾಜ ತನ್ನ ಹೆಂಡತಿ ಆಂಜೂವಿನ ಹೆಲೆನಳಿಗೆ ಅಂತ ನೆಡಿಸಿದ್ದು ಅನ್ನುತ್ತಾರೆ. ಪರದೇಶದಿಂದ ಬರುವ ಹುಡುಗಿಗೆ ಈ ಕಲ್ಲು ಕಣಿವೆ ಬೇಜಾರಾಗದಿರಲಿ ಅಂತ.

ಕಲ್ಲುಕುಟಿಗ:
ಲೈಲಾಕ್ ಬಾಲ್ಕನ್ ಗುಡ್ಡಗಳಲ್ಲಿ ಕಾಡುಗಿಡ. ಯಾರೂ ನೆಡಬೇಕಾಗಿಲ್ಲ, ತಾನಾಗಿ ಬೆಳೆಯುತ್ತದೆ.

ಇಬಾರ್_ದಡ:
ಗೊತ್ತು. ಆದರೆ ಆ ಹೆಲೆನ್ ನಿಜ, ಅವಳು ಕಟ್ಟಿಸಿದ ಗ್ರಾದಾತ್ಸ್ ಮಠವೂ ನಿಜ. ಗೋಥಿಕ್ ಚೂಪು ಕಿಟಕಿಗಳಿವೆ ಅಲ್ಲಿ, ತವರಿನ ನೆನಪು. 1314ರಲ್ಲಿ ತೀರಿಕೊಂಡಳು, ಸಮಾಧಿ ಅಲ್ಲೇ. ಹೂವಿನ ಕಥೆಯನ್ನು ಅವಳ ಹೆಸರಲ್ಲಿ ಇರಲು ಬಿಡಿ.

ದಾರಿಯಲ್ಲೇ ಮಾಗ್ಲಿಚ್ ಕೋಟೆ ಸಿಗುತ್ತದೆ. 13ನೇ ಶತಮಾನದ್ದು, ನದಿಗೆ ನೇರ ಮೇಲೆ ಬೆಟ್ಟದ ಏಣು ಹಿಡಿದು ನಿಂತ ಗೋಪುರಗಳು. ಪುಳಿಯೋಗರೆಯವರು ರಸ್ತೆಯಿಂದಲೇ ನೋಡಬಹುದು, ಹತ್ತಬೇಕಾಗಿಲ್ಲ. ಜುಲೈನಲ್ಲಿ ಅದರ ಬುಡದಿಂದ ಕ್ರಾಲ್ಯೆವೊವರೆಗೆ ತೆಪ್ಪ, ಟ್ಯೂಬು, ಏನೇನೋ ಕಟ್ಟಿಕೊಂಡು ಜನ ಹೊಳೆಯಲ್ಲಿ ತೇಲುತ್ತಾರೆ. "ವೆಸೆಲಿ ಸ್ಪುಸ್ತ್" ಅಂತ ಅದರ ಹೆಸರು, ಖುಷಿಯ ಇಳಿತ.

ಹಳೇನಕ್ಷೆ:
ಮೊದಲ ಪ್ಯಾರಾ ಮತ್ತೆ ಬರೆದೆ. ನೋಡಿ.

"ನೋವಿ ಪಾಜಾರ್‌ನಿಂದ ರಾಶ್ಕಾ ನದಿ ಹಿಡಿದು ಉತ್ತರಕ್ಕೆ ಬಂದರೆ ರಾಶ್ಕಾ ಪಟ್ಟಣದ ಹತ್ತಿರ ಒಂದು ಗಡಿ ದಾಟುತ್ತೀರಿ. ಈಗ ಅಲ್ಲಿ ಏನೂ ಇಲ್ಲ. 1912ರವರೆಗೆ ಅಲ್ಲಿ ಎರಡು ದೇಶಗಳಿದ್ದವು. ಕೆಳಗೆ ಆಟೋಮನ್ನರ ನೋವಿ ಪಾಜಾರ್, ಮೇಲೆ ಸೆರ್ಬಿಯಾದ ಕ್ರಾಲ್ಯೆವೊ. 1992ರಲ್ಲಿ ಎರಡನ್ನೂ ಸೇರಿಸಿ ಒಂದು ಜಿಲ್ಲೆ ಮಾಡಿದರು, ಹೆಸರು ಮಾತ್ರ ಎರಡಕ್ಕಿಂತ ಹಳೇ ರಾಜ್ಯದ್ದು ಇಟ್ಟರು."

ಅಂಕಿಅಂಶ ಎಲ್ಲ ಪಕ್ಕದ ಕೋಷ್ಟಕಕ್ಕೆ ಹಾಕಿದ್ದೇನೆ. ಗೋಲಿಯಾ ಬೆಟ್ಟದ ಕಾಡು, ಕೊಪಾವೊನಿಕ್‌ನ ಹಿಮದ ಆಟ, ಇವಕ್ಕೆ ಬೇರೆ ಲೇಖನ ಮಾಡುತ್ತೇನೆ.

ಮಂಡ್ಯದ_ಮಾವ:
ಈಗ ಓದೋ ಹಾಗಿದೆ. ಆ "ಮಸೀದಿಯೂ" ಏನಾಯಿತು?

ಹಳೇನಕ್ಷೆ:
ಹೋಯಿತು ಮಾವ. ಅಲ್ತುನ್ ಅಲೆಮ್‌ಗೆ ಸೊಪೊಚಾನಿ ಪಕ್ಕದಲ್ಲೇ ಸ್ವಂತ ಪ್ಯಾರಾ ಬಂತು.

ಪದಬೇಟೆ:
ಒಂದೇ ಒಂದು ತಿದ್ದುಪಡಿ. ನಾಲ್ಕನೇ ಪ್ಯಾರಾದಲ್ಲಿ "ಝೀಚಾ" ಅಂತ ದೀರ್ಘ ಬಂದಿದೆ, ಎರಡನೇ ಪ್ಯಾರಾದಲ್ಲಿ "ಝಿಚಾ". ಯಾವುದಾದರೂ ಒಂದು ಇಟ್ಟುಕೊಳ್ಳಿ.

ಹಳೇನಕ್ಷೆ:
ಹ್ರಸ್ವ ಇಟ್ಟೆ. ಸಂಜೆ ಏರಿಸುತ್ತೇನೆ.